ಕಿಣ್ವ ಪ್ರತಿಬಂಧಕ ಔಷಧಗಳು: ವಿನ್ಯಾಸ, ಸಂಶ್ಲೇಷಣೆ ಮತ್ತು ಕರ್ನಾಟಕದ ಕೆಲಸ

ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನುಗಳು ಕಿಣ್ವಗಳು. ಒಂದು ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸುವ ಅಥವಾ ನಿಧಾನಗೊಳಿಸುವ ಅಣುವನ್ನು ಕಿಣ್ವ ಪ್ರತಿಬಂಧಕ ಎನ್ನುತ್ತಾರೆ. ನಾವು ನುಂಗುವ ಮಾತ್ರೆಗಳಲ್ಲಿ ದೊಡ್ಡದೊಂದು ಪಾಲು ಈ ಬಗೆಯವು: ನೋವಿಗೆ ಆಸ್ಪಿರಿನ್, ರಕ್ತದೊತ್ತಡಕ್ಕೆ ಎನಾಲಾಪ್ರಿಲ್, ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್. ಇವೆಲ್ಲ ಸಣ್ಣ ಅಣುಗಳು. ಅಣುತೂಕ ಸಾಮಾನ್ಯವಾಗಿ 500 ಡಾಲ್ಟನ್‌ನ ಆಸುಪಾಸಿನಲ್ಲಿರುವುದರಿಂದ ಕರುಳಿನ ಗೋಡೆ ದಾಟಿ ರಕ್ತ ಸೇರಬಲ್ಲವು. ಹೆಚ್ಚಿನವನ್ನು ರಸಾಯನಜ್ಞರು ಫ್ಲಾಸ್ಕಿನಲ್ಲೇ ಹಂತಹಂತವಾಗಿ ಕಟ್ಟಬಲ್ಲರು.

ಹೊಸಕೋಟೆ ತಾಲ್ಲೂಕಿನ ನಂದಗುಡಿಯಂಥ ಹೋಬಳಿ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯರೋಗಿಗೆ ಉಚಿತವಾಗಿ ಸಿಗುವ ಔಷಧವನ್ನೇ ನೋಡಬಹುದು. ಮೊದಲ ಎರಡು ತಿಂಗಳು ಕೊಡುವ ನಾಲ್ಕು ಔಷಧಗಳಲ್ಲಿ ಮೂರರ ಗುರಿ ಖಚಿತವಾಗಿ ಗೊತ್ತಿದೆ. ರಿಫಾಂಪಿಸಿನ್ ರೋಗಾಣುವಿನ ಆರ್‌ಎನ್‌ಎ ಪಾಲಿಮರೇಸ್ ಕಿಣ್ವವನ್ನು ತಡೆಯುತ್ತದೆ. ಇಥಾಂಬ್ಯುಟಾಲ್ ರೋಗಾಣು ತನ್ನ ಹೊರಗೋಡೆಗೆ ಅರಾಬಿನೋಸ್ ಸಕ್ಕರೆಯನ್ನು ಜೋಡಿಸುವ ಕಿಣ್ವಗಳನ್ನು ತಡೆಯುತ್ತದೆ. ಐಸೋನಿಯಜಿಡ್‌ನ ಗುರಿ, ಅದೇ ಗೋಡೆಯ ಉದ್ದನೆಯ ಕೊಬ್ಬಿನಾಮ್ಲಗಳನ್ನು ತಯಾರಿಸುವ ಇನ್‌ಹೆಚ್‌ಎ ಎಂಬ ಕಿಣ್ವ. ನಾಲ್ಕನೆಯದಾದ ಪೈರಾಜಿನಮೈಡ್ ಹೇಗೆ ಕೆಲಸ ಮಾಡುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಐಸೋನಿಯಜಿಡ್‌ನ ಚರಿತ್ರೆ ಈ ಇಡೀ ಕ್ಷೇತ್ರದ ಸ್ವಭಾವವನ್ನು ತೋರಿಸುತ್ತದೆ. ಅದನ್ನು ಪ್ರಾಗ್ ನಗರದಲ್ಲಿ ಮೊದಲು ತಯಾರಿಸಿದ್ದು 1912ರಲ್ಲಿ, ಕ್ಷಯದ ಯೋಚನೆಯೇ ಇಲ್ಲದೆ. ಅದು ಕ್ಷಯಾಣುವನ್ನು ಕೊಲ್ಲುತ್ತದೆಂದು ಜಗತ್ತಿಗೆ ತಿಳಿದದ್ದು 1952ರಲ್ಲಿ. ಅದರ ಗುರಿ ಇನ್‌ಹೆಚ್‌ಎ ಕಿಣ್ವ ಎಂದು ಗೊತ್ತಾದದ್ದು 1994ರಲ್ಲಿ. ನಾಲ್ಕು ದಶಕಗಳ ಕಾಲ ಲಕ್ಷಾಂತರ ಜನರನ್ನು ಉಳಿಸಿದ ಔಷಧ ಎಲ್ಲಿ ಅಂಟುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಇಂದಿನ ಔಷಧ ವಿನ್ಯಾಸ ಈ ದಾರಿಯನ್ನು ತಿರುಗಿಸಿ ನಡೆಯುತ್ತದೆ: ಮೊದಲು ಕಿಣ್ವ, ಆಮೇಲೆ ಅಣು. ಹಾಗೆ ನಡೆದಾಗ ಎಲ್ಲಕ್ಕಿಂತ ಕಷ್ಟವಾಗುವುದು ಬಿಗಿಯಾಗಿ ಅಂಟುವ ಅಣುವನ್ನು ಮಾಡುವುದಲ್ಲ. ಆರಿಸಿಕೊಂಡ ಕಿಣ್ವ ರೋಗಕ್ಕೆ ನಿಜವಾಗಿ ಬೇಕಾದದ್ದೇ, ಅಣು ಅದೊಂದನ್ನೇ ಮುಟ್ಟುತ್ತಿದೆಯೇ ಎಂಬುದನ್ನು ಸಾಬೀತುಪಡಿಸುವುದು. ಕರ್ನಾಟಕದ ಪ್ರಯೋಗಾಲಯಗಳಲ್ಲಿ ಕಳೆದ ಮೂರು ದಶಕಗಳಲ್ಲಿ ನಡೆದ ಕೆಲಸ ಇದಕ್ಕೆ ಒಳ್ಳೆಯ ಸಾಕ್ಷಿ.

ಪ್ರತಿಬಂಧದ ಬಗೆಗಳು

ಕಿಣ್ವದ ಮೈಯಲ್ಲಿ ಒಂದು ಕುಳಿಯಿರುತ್ತದೆ. ಅದೇ ಸಕ್ರಿಯ ತಾಣ. ಕಿಣ್ವ ಬದಲಾಯಿಸಬೇಕಾದ ಅಣು ಅಲ್ಲಿ ಕೂರುತ್ತದೆ. 1894ರಲ್ಲಿ ಎಮಿಲ್ ಫಿಷರ್ ಇದನ್ನು ಬೀಗ ಮತ್ತು ಕೀಲಿಗೆ ಹೋಲಿಸಿದ್ದ. ಆ ಕುಳಿಯಲ್ಲೇ ಬಂದು ಕೂತು ನಿಜವಾದ ಅಣುವಿಗೆ ಜಾಗ ಕೊಡದಿರುವುದು ಸ್ಪರ್ಧಾತ್ಮಕ ಪ್ರತಿಬಂಧ. ಕೆಲವು ಅಣುಗಳು ಬೇರೆ ಕಡೆ ಅಂಟಿ ಕಿಣ್ವದ ಆಕಾರವನ್ನೇ ಬದಲಿಸುತ್ತವೆ. ಇನ್ನು ಕೆಲವು ಕಿಣ್ವದೊಂದಿಗೆ ಸಹವೇಲೆನ್ಸೀಯ ಬಂಧ ಕಟ್ಟಿಕೊಂಡು ಅದನ್ನು ಶಾಶ್ವತವಾಗಿ ಕೆಡಿಸುತ್ತವೆ. ಆಸ್ಪಿರಿನ್ ಮಾಡುವುದು ಇದನ್ನೇ. ಕಿಣ್ವದ ವೇಗವನ್ನು ಅರ್ಧಕ್ಕೆ ಇಳಿಸಲು ಎಷ್ಟು ಸಾಂದ್ರತೆಯ ಅಣು ಬೇಕೆಂಬ ಅಳತೆಗೆ ಪ್ರಯೋಗಾಲಯಗಳಲ್ಲಿ ಐಸಿ-50 ಎನ್ನುತ್ತಾರೆ. ಈ ಸಂಖ್ಯೆ ಮೈಕ್ರೊಮೋಲಾರ್‌ನಿಂದ ನ್ಯಾನೊಮೋಲಾರ್‌ಗೆ ಇಳಿದಷ್ಟೂ ಅಣು ಶಕ್ತವಾಯಿತೆಂದು ಲೆಕ್ಕ.

ಕಿಣ್ವದ ರಚನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವಿನ್ಯಾಸಗೊಳಿಸಿದ ಮೊದಲ ಔಷಧಗಳಲ್ಲಿ ಕ್ಯಾಪ್ಟೋಪ್ರಿಲ್ ಪ್ರಸಿದ್ಧ. ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷದಲ್ಲಿ ರಕ್ತದೊತ್ತಡ ಇಳಿಸುವ ಪೆಪ್ಟೈಡುಗಳು ಸಿಕ್ಕಿದ್ದವು. ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಅವುಗಳ ಗುರಿಯಾದ ಎಸಿಇ ಕಿಣ್ವದಲ್ಲಿ ಸತುವಿನ ಪರಮಾಣು ಇದೆಯೆಂಬ ತಿಳಿವಳಿಕೆಯ ಮೇಲೆ, ಸತುವನ್ನು ಹಿಡಿಯುವ ಗಂಧಕದ ಗುಂಪನ್ನು ಒಂದು ಪುಟ್ಟ ಅಣುವಿಗೆ ಸೇರಿಸಿದರು. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಆಗ ಎಸಿಇ ಕಿಣ್ವದ ಸ್ಫಟಿಕ ರಚನೆ ಲಭ್ಯವಿರಲಿಲ್ಲ. ಅದರಂತೆಯೇ ಇರುವ ಇನ್ನೊಂದು ಕಿಣ್ವವನ್ನು ಮಾದರಿಯಾಗಿ ಇಟ್ಟುಕೊಂಡೇ ಅವರು ಗೆದ್ದರು.

ಉಪ್ಪಾಗೆ, ಮುರುಗಲು, ಗೇರು

ಕರ್ನಾಟಕದ ಕಥೆಯನ್ನು ಬೆಂಗಳೂರಿನಿಂದ ಶುರು ಮಾಡುವ ರೂಢಿ ಇದೆ, ಆದರೆ ಅದಕ್ಕಿಂತ ಮೊದಲಿನ ಒಂದು ಕೊಂಡಿ ಮೈಸೂರಿನಲ್ಲಿದೆ. ಮಲೆನಾಡಿನ ಉಪ್ಪಾಗೆ ಹಣ್ಣಿನ ಹುಳಿಗೆ ಕಾರಣ ಯಾವ ಆಮ್ಲ ಎಂಬ ಪ್ರಶ್ನೆಗೆ 1965ರಲ್ಲಿ ಉತ್ತರ ಕೊಟ್ಟವರು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಅಲ್ಲಿಯವರೆಗೆ ಟಾರ್ಟಾರಿಕ್ ಅಥವಾ ಸಿಟ್ರಿಕ್ ಎಂದು ನಂಬಿದ್ದ ಆಮ್ಲ ವಾಸ್ತವವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಅವರು ತೋರಿಸಿದರು. 1969ರಲ್ಲಿ ಅಮೆರಿಕದ ಸಂಶೋಧಕರು ಈ ಆಮ್ಲ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು ಬಲವಾಗಿ ತಡೆಯುತ್ತದೆಂದು ಕಂಡುಕೊಂಡರು. ದೇಹ ಸಕ್ಕರೆಯನ್ನು ಕೊಬ್ಬಾಗಿ ಬದಲಿಸುವ ದಾರಿಯಲ್ಲಿ ಈ ಕಿಣ್ವಕ್ಕೆ ಮುಖ್ಯ ಸ್ಥಾನವಿದೆ.

ಮುಂದೆ ಆದದ್ದು ಎಚ್ಚರಿಕೆಯಿಂದ ಓದಬೇಕಾದ ಸಂಗತಿ. 1990ರ ದಶಕದಲ್ಲಿ ಉಪ್ಪಾಗೆಯ ಸಾರ ತೂಕ ಇಳಿಸುವ ಮಾತ್ರೆಯಾಗಿ ವಿದೇಶಗಳಲ್ಲಿ ಮಾರಾಟವಾಯಿತು, ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹಣ್ಣು ಕೀಳುವ ಪೈಪೋಟಿ ಹುಟ್ಟಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಸಾರ ತೆಗೆದುಕೊಂಡವರಿಗೂ ಹುಸಿಮಾತ್ರೆ ತೆಗೆದುಕೊಂಡವರಿಗೂ ತೂಕ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಗಾಜಿನ ನಳಿಕೆಯಲ್ಲಿ ಕಿಣ್ವವನ್ನು ತಡೆದ ಅಣು ಮನುಷ್ಯ ದೇಹದಲ್ಲಿ ಔಷಧವಾಗಬೇಕೆಂದಿಲ್ಲ. ಆದರೆ ಕಿಣ್ವದ ಆಯ್ಕೆ ತಪ್ಪಾಗಿರಲಿಲ್ಲ. ಅದೇ ಎಟಿಪಿ ಸಿಟ್ರೇಟ್ ಲಯೇಸನ್ನು ತಡೆಯುವ, ರಚನೆಯಲ್ಲಿ ಬೇರೆಯೇ ಆದ ಬೆಂಪೆಡೋಯಿಕ್ ಆಮ್ಲ 2020ರಲ್ಲಿ ಕೊಲೆಸ್ಟರಾಲ್ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದು ನುಂಗಿದ ರೂಪದಲ್ಲಿ ನಿಷ್ಕ್ರಿಯ. ಯಕೃತ್ತಿನಲ್ಲಿರುವ ಒಂದು ಕಿಣ್ವ ಅದನ್ನು ಸಕ್ರಿಯಗೊಳಿಸುತ್ತದೆ. ಆ ಕಿಣ್ವ ಸ್ನಾಯುಗಳಲ್ಲಿ ಇಲ್ಲದ್ದರಿಂದ ಔಷಧ ಬೇಕಾದ ಅಂಗದಲ್ಲೇ ಕೆಲಸ ಮಾಡುತ್ತದೆ.

ಉಪ್ಪಾಗೆಯ ಹತ್ತಿರದ ಬಂಧು ಮುರುಗಲು; ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ. ಅದರ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬ ಅಣು ವಂಶವಾಹಿಗಳ ಓದುವಿಕೆಯನ್ನು ನಿಯಂತ್ರಿಸುವ ಹಿಸ್ಟೋನ್ ಅಸಿಟೈಲ್ ಟ್ರಾನ್ಸ್‌ಫರೇಸ್ ಕಿಣ್ವಗಳನ್ನು ತಡೆಯುತ್ತದೆಂದು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಂಡು ಅವರ ತಂಡ 2004ರಲ್ಲಿ ತೋರಿಸಿತು. ಅದಕ್ಕೆ ಒಂದು ವರ್ಷ ಮೊದಲು ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಾಕಾರ್ಡಿಕ್ ಆಮ್ಲಕ್ಕೂ ಇದೇ ಗುಣವಿದೆಯೆಂದು ಅದೇ ತಂಡ ಹೇಳಿತ್ತು. ಗಾರ್ಸಿನಾಲ್ ಈ ಕುಟುಂಬದ ಒಂದಕ್ಕಿಂತ ಹೆಚ್ಚು ಕಿಣ್ವಗಳನ್ನು ತಡೆಯುವುದು ತೊಡಕಾಗಿತ್ತು, ಅದು ಜೀವಕೋಶಗಳಿಗೆ ವಿಷಕಾರಿಯೂ ಆಗಿತ್ತು. ಗಾರ್ಸಿನಾಲ್‌ನ ರಚನೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ಪಿ300 ಎಂಬ ಒಂದೇ ಕಿಣ್ವವನ್ನು ತಡೆಯುವ ಎಲ್‌ಟಿಕೆ14 ಅಣುವನ್ನು ಪಡೆದದ್ದು 2007ರಲ್ಲಿ. ಆ ಪ್ರಬಂಧದ ಮೊದಲ ಲೇಖಕ ಕೆ. ಮಂಟೇಲಿಂಗು. ನಿಸರ್ಗ ಕೊಟ್ಟ ಅಣುವನ್ನು ಆರಂಭದ ಬಿಂದುವಾಗಿ ಹಿಡಿದು ಆಯ್ಕೆಶಕ್ತಿಯನ್ನು ಹೆಚ್ಚಿಸುವ ಈ ಕ್ರಮ ಅರೆಸಂಶ್ಲೇಷಣೆ.

ಹುದುಗಿನ ದಾರಿ

ಎಲ್ಲ ಪ್ರತಿಬಂಧಕಗಳನ್ನೂ ಫ್ಲಾಸ್ಕಿನಲ್ಲಿ ಕಟ್ಟಬೇಕಾಗಿಲ್ಲ. ಅಟೋರ್ವಾಸ್ಟಾಟಿನ್ ಸೇರಿದ ಸ್ಟ್ಯಾಟಿನ್ ಗುಂಪಿನ ಮೊದಲ ಅಣುವನ್ನು ಜಪಾನಿನ ಅಕಿರಾ ಎಂಡೊ 1970ರ ದಶಕದ ಆರಂಭದಲ್ಲಿ ಒಂದು ಶಿಲೀಂಧ್ರದಿಂದ ಪಡೆದ. ಬೆಂಗಳೂರಿನಲ್ಲಿ 1978ರಲ್ಲಿ ಪರಂಗಿ ಹಣ್ಣಿನ ಪಪಾಯಿನ್‌ನಂಥ ಕಿಣ್ವಗಳನ್ನು ತಯಾರಿಸಲು ಹುಟ್ಟಿದ ಬಯೋಕಾನ್, ಮುಂದೆ ಶಿಲೀಂಧ್ರದ ಹುದುಗುವಿಕೆಯಿಂದ ಲೊವಾಸ್ಟಾಟಿನ್ ತಯಾರಿಸಿ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆಯಿತು. ಕಿಣ್ವ ಮಾರುತ್ತಿದ್ದ ಕಂಪನಿ ಕಿಣ್ವವನ್ನು ತಡೆಯುವ ಅಣುವಿನಿಂದ ಔಷಧ ಉದ್ಯಮಕ್ಕೆ ಕಾಲಿಟ್ಟದ್ದು ಹೀಗೆ.

ಮಲೇರಿಯಾದ ಎರಡು ಕಿಣ್ವಗಳು

ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಂ ಮತ್ತು ಎಂ.ಆರ್.ಎನ್. ಮೂರ್ತಿ, ಜಕ್ಕೂರಿನ ಹೇಮಲತಾ ಬಲರಾಂ ಸೇರಿ ಮಲೇರಿಯಾ ಪರಾವಲಂಬಿಯ ಟ್ರಯೋಸ್ ಫಾಸ್ಫೇಟ್ ಐಸೊಮರೇಸ್ ಕಿಣ್ವದ ಸ್ಫಟಿಕ ರಚನೆಯನ್ನು 1997ರಲ್ಲಿ ಪ್ರಕಟಿಸಿದರು. ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವ ದಾರಿಯ ಈ ಕಿಣ್ವ ಮನುಷ್ಯನಲ್ಲೂ ಇದೆ, ಸಕ್ರಿಯ ತಾಣ ಇಬ್ಬರಲ್ಲೂ ಬಹುಮಟ್ಟಿಗೆ ಒಂದೇ. ಹಾಗಾಗಿ ತಂಡದ ಗಮನ ಬೇರೆ ಕಡೆ ಹೋಯಿತು: ಕಿಣ್ವದ ಎರಡು ಘಟಕಗಳು ಕೂಡುವ ಜಾಗದಲ್ಲಿ, 13ನೇ ಸ್ಥಾನದಲ್ಲಿ, ಪರಾವಲಂಬಿಯಲ್ಲಿ ಸಿಸ್ಟೀನ್ ಇದೆ, ಮನುಷ್ಯನಲ್ಲಿ ಮೆಥಿಯೊನಿನ್. ಘಟಕಗಳು ಬೇರ್ಪಟ್ಟರೆ ಕಿಣ್ವ ಕೆಲಸ ಮಾಡದು. ಆ ಸಿಸ್ಟೀನಿಗೆ ಅಂಟುವ ಅಣು ಪರಾವಲಂಬಿಯನ್ನು ಮಾತ್ರ ಬಾಧಿಸಬಹುದು ಎಂಬುದು ಯೋಚನೆ. ಔಷಧದವರೆಗೆ ಅದು ಬರಲಿಲ್ಲ, ಆದರೂ ಒಂದೇ ಒಂದು ಅಮೈನೊ ಆಮ್ಲದ ವ್ಯತ್ಯಾಸದ ಮೇಲೆ ವಿನ್ಯಾಸ ಕಟ್ಟುವ ಧೈರ್ಯ ಅಲ್ಲಿ ಕಾಣುತ್ತದೆ.

ಎರಡನೆಯದು ಹೆಚ್ಚು ಸದ್ದು ಮಾಡಿತು. ಜಕ್ಕೂರಿನ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ 2001ರ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ, ಸೋಪು ಮತ್ತು ಟೂತ್‌ಪೇಸ್ಟಿನಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಮಲೇರಿಯಾ ಪರಾವಲಂಬಿಯನ್ನು ತಡೆಯುತ್ತದೆಂದು ತೋರಿಸಿದರು. ಸೋಂಕಿತ ಇಲಿಗಳನ್ನು ಅದು ಕಾಪಾಡಿತು. ಗುರಿ, ಕೊಬ್ಬಿನಾಮ್ಲ ತಯಾರಿಸುವ ಫ್ಯಾಬ್-ಐ ಎಂಬ ಕಿಣ್ವ. ಕ್ಷಯಾಣುವಿನ ಇನ್‌ಹೆಚ್‌ಎ ಇದರ ಒಡಹುಟ್ಟು. ಮನುಷ್ಯನಲ್ಲಿ ಕೊಬ್ಬಿನಾಮ್ಲ ತಯಾರಿಸುವುದು ಹಲವು ಕೆಲಸಗಳನ್ನು ಒಂದರಲ್ಲೇ ಮಾಡುವ ದೊಡ್ಡ ಪ್ರೋಟೀನು, ಪರಾವಲಂಬಿಯಲ್ಲಿ ಬ್ಯಾಕ್ಟೀರಿಯಾದಂತೆ ಬಿಡಿಬಿಡಿ ಕಿಣ್ವಗಳು. ಇದಕ್ಕಿಂತ ಚೆಂದದ ಗುರಿ ಸಿಗುವುದು ಕಷ್ಟ ಎಂದು ಆಗ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಟ್ರೈಕ್ಲೋಸಾನ್‌ನ ಹೋಲಿಕೆಯ ಹಲವು ಅಣುಗಳನ್ನು ತಯಾರಿಸಿ ಪರೀಕ್ಷಿಸಿದರು.

2008ರಲ್ಲಿ ವಿದೇಶಿ ತಂಡವೊಂದು ಪರಾವಲಂಬಿಯ ಫ್ಯಾಬ್-ಐ ವಂಶವಾಹಿಯನ್ನೇ ತೆಗೆದುಹಾಕಿ ನೋಡಿತು. ರಕ್ತದಲ್ಲಿ ಬೆಳೆಯುವ ಹಂತದಲ್ಲಿ ಪರಾವಲಂಬಿ ಅದಿಲ್ಲದೆಯೂ ಚೆನ್ನಾಗಿಯೇ ಬೆಳೆಯಿತು. ಕಿಣ್ವ ಬೇಕಾಗಿದ್ದದ್ದು ಯಕೃತ್ತಿನ ಹಂತದಲ್ಲಿ. ಅಂದರೆ ರಕ್ತದಲ್ಲಿನ ಪರಾವಲಂಬಿಯನ್ನು ಟ್ರೈಕ್ಲೋಸಾನ್ ಕೊಲ್ಲುವುದು ಬೇರೆ ಯಾವುದೋ ದಾರಿಯಿಂದ. ಬೆಂಗಳೂರಿನ ಕೆಲಸವನ್ನು ಇದು ಅಳಿಸಿಹಾಕಲಿಲ್ಲ: ಕಿಣ್ವ ಇರುವುದು ನಿಜ, ಟ್ರೈಕ್ಲೋಸಾನ್ ಅದನ್ನು ಬಿಗಿಯಾಗಿ ತಡೆಯುವುದೂ ನಿಜ. ಬದಲಾದದ್ದು ಎರಡರ ನಡುವಿನ ಸಂಬಂಧ. ಅಣು ಕಿಣ್ವವನ್ನು ತಡೆಯುತ್ತದೆ, ಅಣು ಪರಾವಲಂಬಿಯನ್ನು ಕೊಲ್ಲುತ್ತದೆ ಎಂಬ ಎರಡು ನಿಜಗಳಿಂದ ಮೂರನೆಯದು ತಾನಾಗಿ ಹುಟ್ಟುವುದಿಲ್ಲ. ವಂಶವಾಹಿ ಅಳಿಸುವ ಪ್ರಯೋಗ ಈಗ ಈ ಕ್ಷೇತ್ರದಲ್ಲಿ ಮೊದಲೇ ಕೇಳುವ ಪುರಾವೆಯಾಗಿದೆ.

ಎಸ್‌ಸಿಆರ್7

2012ರ ಕೊನೆಗೆ ಸೆಲ್ ಪತ್ರಿಕೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡ ಎಸ್‌ಸಿಆರ್7 ಎಂಬ ಅಣುವನ್ನು ಪ್ರಕಟಿಸಿತು. ತುಂಡಾದ ಡಿಎನ್‌ಎಯ ತುದಿಗಳನ್ನು ಬೆಸೆಯುವ ಲೈಗೇಸ್-4 ಕಿಣ್ವದ ಪ್ರತಿಬಂಧಕವಾಗಿ, ಕ್ಯಾನ್ಸರ್ ಕೋಶಗಳನ್ನು ಸಾಯಿಸುವ ಉದ್ದೇಶದಿಂದ ಅದನ್ನು ರೂಪಿಸಿದ್ದರು. ಕೆಲವೇ ವರ್ಷಗಳಲ್ಲಿ ಅದು ಅನಿರೀಕ್ಷಿತವಾದ ಕಡೆ ಬಳಕೆಗೆ ಬಂತು: ಕ್ರಿಸ್ಪರ್ ತಂತ್ರದಿಂದ ವಂಶವಾಹಿ ತಿದ್ದುವ ಪ್ರಯೋಗಾಲಯಗಳು ತಿದ್ದುಪಡಿಯ ಪ್ರಮಾಣ ಹೆಚ್ಚಿಸಲು ಎಸ್‌ಸಿಆರ್7 ಹಾಕತೊಡಗಿದವು. 2016ರಲ್ಲಿ ಅಮೆರಿಕದ ತಂಡವೊಂದು ಈ ಅಣು ಲೈಗೇಸ್-4ರ ಶಕ್ತ ಪ್ರತಿಬಂಧಕವೂ ಅಲ್ಲ, ಆಯ್ಕೆಯುಳ್ಳದ್ದೂ ಅಲ್ಲ ಎಂದು ವಾದಿಸಿತು. ಅಣುವಿನ ರಚನೆಯ ಬಗ್ಗೆಯೇ ಪ್ರಶ್ನೆ ಎತ್ತಿತು. ಬೆಂಗಳೂರಿನ ತಂಡ 2018ರಲ್ಲಿ ಉತ್ತರಿಸಿತು: ಎಸ್‌ಸಿಆರ್7 ತಾನಾಗಿ ಉಂಗುರ ಕಟ್ಟಿಕೊಳ್ಳುತ್ತದೆ, ಮುಂದೆ ಆಕ್ಸೀಕರಣಗೊಳ್ಳುತ್ತದೆ, ಈ ರೂಪಗಳೂ ಲೈಗೇಸ್-4ನ್ನು ಅವಲಂಬಿಸಿಯೇ ಕೆಲಸ ಮಾಡುತ್ತವೆ.

ಈ ವಾದದಲ್ಲಿ ಸಂಶ್ಲೇಷಣೆಯ ಭಾಗ ನನಗೆ ಅತ್ಯಂತ ಮುಖ್ಯವಾಗಿ ಕಾಣುತ್ತದೆ. ಬಾಟಲಿಯ ಮೇಲಿನ ಹೆಸರು ಒಂದೇ ಇದ್ದು ಒಳಗಿನ ಅಣು ಬೇರೆಬೇರೆ ಆಗಿದ್ದರೆ ಜಗತ್ತಿನ ಎರಡು ಪ್ರಯೋಗಾಲಯಗಳ ಫಲಿತಾಂಶ ಹೊಂದುವುದು ಹೇಗೆ? ಔಷಧ ರಸಾಯನದ ಪ್ರಮುಖ ಪತ್ರಿಕೆಗಳು ಪರೀಕ್ಷೆಗೆ ಹೋಗುವ ಅಣು ಶೇ 95ರಷ್ಟಾದರೂ ಶುದ್ಧವಿರಬೇಕು, ಅದರ ರಚನೆಯನ್ನು ಎನ್‌ಎಂಆರ್ ಮತ್ತು ಮಾಸ್ ಸ್ಪೆಕ್ಟ್ರಮ್‌ನಿಂದ ದೃಢಪಡಿಸಿರಬೇಕು ಎಂದು ಕೇಳುವುದು ಇದಕ್ಕಾಗಿಯೇ.

ಹೆಬ್ಬಾಳದಿಂದ ದೊಡ್ಡಬಳ್ಳಾಪುರಕ್ಕೆ

ಬೆಂಗಳೂರಿನ ಬಳ್ಳಾರಿ ರಸ್ತೆಗೆ ಕ್ಷಯದೊಂದಿಗೆ ಹಳೆಯ ನಂಟು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಅಲ್ಲಿದೆ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡದ್ದು ಅದರ ಅಧ್ಯಯನಗಳಿಂದ. ಅದೇ ರಸ್ತೆಯಲ್ಲಿ ಹೆಬ್ಬಾಳದ ಬಳಿ ಆಸ್ಟ್ರಾಜೆನೆಕಾ ಕಂಪನಿ 2003ರಲ್ಲಿ ಕ್ಷಯಕ್ಕೆ ಹೊಸ ಔಷಧ ಹುಡುಕುವ ಕೇಂದ್ರವನ್ನು ತೆರೆಯಿತು. ದೊಡ್ಡ ಕಂಪನಿಗಳು ಬಡವರ ರೋಗಗಳಿಗೆ ಬೆನ್ನು ತೋರಿಸುತ್ತಿದ್ದ ಕಾಲ ಅದು. ಈ ಕೇಂದ್ರದಿಂದ ಹೊರಬಂದ ಅಣುಗಳಲ್ಲಿ ಕ್ಷಯದ ಅಜಾಇಂಡೋಲ್‌ಗಳು ಈ ಲೇಖನಕ್ಕೆ ಮುಖ್ಯ.

ಅವುಗಳ ಗುರಿ ಡಿಪಿಆರ್‌ಇ1 ಎಂಬ ಕಿಣ್ವ. ಇಥಾಂಬ್ಯುಟಾಲ್ ತಡೆಯುವ ಅದೇ ಅರಾಬಿನೋಸ್ ದಾರಿಯಲ್ಲಿ, ಒಂದು ಹಂತ ಹಿಂದೆ, ರೈಬೋಸನ್ನು ಅರಾಬಿನೋಸ್ ಆಗಿ ತಿರುಗಿಸುವ ಕೆಲಸದಲ್ಲಿ ಇದರ ಪಾತ್ರವಿದೆ. ಇದಿಲ್ಲದೆ ಕ್ಷಯಾಣುವಿನ ಗೋಡೆ ಕಟ್ಟುವುದಿಲ್ಲ. ಈ ಕಿಣ್ವ ಮನುಷ್ಯನಲ್ಲಿ ಇಲ್ಲ. 2009ರಲ್ಲಿ ಬೆಂಜೋಥಯಜಿನೋನ್ ಎಂಬ ಅಣುಗಳ ಮೂಲಕ ಇದರ ಮಹತ್ವ ಜಗತ್ತಿಗೆ ತಿಳಿಯಿತು. ಆ ಅಣುಗಳು ಕಿಣ್ವದ 387ನೇ ಸ್ಥಾನದ ಸಿಸ್ಟೀನಿನೊಂದಿಗೆ ಶಾಶ್ವತ ಬಂಧ ಕಟ್ಟಿಕೊಳ್ಳುತ್ತವೆ.

ಬೆಂಗಳೂರಿನ ತಂಡ ಬೇರೆ ಕಡೆಯಿಂದ ಬಂತು. ಕ್ಷಯಾಣುವಿನ ಬೆಳವಣಿಗೆಯನ್ನು ತಡೆಯುತ್ತಿದ್ದ ಇಮಿಡಜೋಪಿರಿಡಿನ್ ಅಣುವಿನ ನಡುವಿನ ಜೋಡಿ ಉಂಗುರವನ್ನು ಬದಲಿಸುತ್ತ ಹೋದಾಗ 1,4-ಅಜಾಇಂಡೋಲ್ ಎಂಬ ಹೊಸ ಚೌಕಟ್ಟು ಸಿಕ್ಕಿತು. ನೈಟ್ರೋಜನ್ ಪರಮಾಣು ಒಂದು ಸ್ಥಾನ ಪಕ್ಕಕ್ಕೆ ಸರಿದದ್ದು ಕಾಗದದ ಮೇಲೆ ಸಣ್ಣ ಬದಲಾವಣೆ, ಆದರೆ ಗುರಿಯೇ ಬೇರೆಯಾಯಿತು. ಹೊಸ ಅಣು ತಡೆಯುತ್ತಿದ್ದದ್ದು ಡಿಪಿಆರ್‌ಇ1ನ್ನು, ಅದೂ ಶಾಶ್ವತ ಬಂಧವಿಲ್ಲದೆ. ಇದಕ್ಕೆ ಪುರಾವೆ ರೋಗಾಣುವಿನಿಂದಲೇ ಬಂತು. ಅಜಾಇಂಡೋಲ್‌ಗೆ ಬಗ್ಗದ ಕ್ಷಯಾಣುಗಳಲ್ಲಿ ಡಿಪಿಆರ್‌ಇ1ರ 314ನೇ ಟೈರೋಸಿನ್ ಬದಲಾಗಿತ್ತು. 387ನೇ ಸಿಸ್ಟೀನ್ ಬದಲಾಗಿ ಬೆಂಜೋಥಯಜಿನೋನ್‌ಗಳಿಗೆ ಬಗ್ಗದೆ ಇದ್ದ ರೋಗಾಣುಗಳು ಅಜಾಇಂಡೋಲ್‌ಗೆ ಸತ್ತವು. ಮಲೇರಿಯಾದ ಫ್ಯಾಬ್-ಐ ವಿಷಯದಲ್ಲಿ ಕೊರತೆಯಾಗಿದ್ದದ್ದು ಇಂಥ ಪುರಾವೆಯೇ. 2013ರಲ್ಲಿ ಪ್ರವೀಣ್ ಶಿರುಡೆ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು.

ನಂತರದ ಕೆಲಸ ರಸಾಯನಜ್ಞರದ್ದು. ಅಣುವಿನಲ್ಲಿ ಮೂರು ಭಾಗಗಳು: ನಡುವೆ ಅಜಾಇಂಡೋಲ್, ಒಂದು ಕಡೆ ಮೀಥಿಲೀನ್ ಸೇತುವೆಯ ಮೂಲಕ ಅಂಟಿದ ಇನ್ನೊಂದು ಸುಗಂಧೀಯ ಉಂಗುರ, ಮತ್ತೊಂದು ಕಡೆ ಅಮೈಡ್ ಬಂಧದಲ್ಲಿ ಹೈಡ್ರಾಕ್ಸಿಈಥೈಲ್ ಬಾಲ. ಹೀಗೆ ತುಂಡುತುಂಡಾಗಿ ಜೋಡಿಸಬಹುದಾದ ರಚನೆ ಸಿಕ್ಕರೆ ಒಂದು ಭಾಗವನ್ನು ಹಾಗೇ ಇಟ್ಟು ಉಳಿದದ್ದನ್ನು ಬದಲಿಸುತ್ತ ಹತ್ತಾರು ಅಣುಗಳನ್ನು ಬೇಗ ತಯಾರಿಸಬಹುದು. ಪ್ರತಿ ಹಂತದಲ್ಲೂ ಟಿಎಲ್‌ಸಿ ಪ್ಲೇಟಿನ ಮೇಲೆ ಕ್ರಿಯೆ ಮುಗಿಯಿತೇ ಎಂದು ನೋಡಿ, ಕಾಲಂನಲ್ಲಿ ಶುದ್ಧಗೊಳಿಸಿ, ರಚನೆ ಖಚಿತಪಡಿಸಿಕೊಂಡೇ ಜೀವಶಾಸ್ತ್ರಜ್ಞರ ಕೈಗೆ ಕೊಡುವುದು. ಅಲ್ಲಿಂದ ಬಂದ ಅಂಕಿಗಳು ಮುಂದಿನ ಅಣುವನ್ನು ನಿರ್ಧರಿಸುತ್ತವೆ.

ಮೊದಲ ಅಣುಗಳಲ್ಲಿ ಎರಡು ದೋಷಗಳಿದ್ದವು. ಇಲಿಯ ದೇಹದಲ್ಲಿ ಅವು ಬಹುಬೇಗ ಕರಗಿಹೋಗುತ್ತಿದ್ದವು. ಜೊತೆಗೆ ಮನುಷ್ಯನ ಫಾಸ್ಫೋಡೈಎಸ್ಟರೇಸ್-6 ಎಂಬ ಕಿಣ್ವವನ್ನೂ ತಡೆಯುತ್ತಿದ್ದವು. ಈ ಕಿಣ್ವ ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸಲು ಬೇಕಾದದ್ದು. ಇಥಾಂಬ್ಯುಟಾಲ್ ದೃಷ್ಟಿ ಕೆಡಿಸಬಲ್ಲದೆಂದು ವೈದ್ಯರಿಗೆ ಈಗಾಗಲೇ ಗೊತ್ತು. ತಿಂಗಳುಗಟ್ಟಲೆ ನುಂಗಬೇಕಾದ ಇನ್ನೊಂದು ಔಷಧವೂ ಕಣ್ಣಿಗೆ ಅಪಾಯ ತರುವುದನ್ನು ಒಪ್ಪಲಾಗದು. ಬದಿಯ ಉಂಗುರವನ್ನು ಮತ್ತು ಚೌಕಟ್ಟಿನ ಮೇಲಿನ ಗುಂಪುಗಳನ್ನು ತಿದ್ದಿದ ಮೇಲೆ ಎರಡೂ ದೋಷ ನೀಗಿದ ಅಣುಗಳು ಬಂದವು. ಅವುಗಳಲ್ಲಿ ಕೆಲವು ದೀರ್ಘಕಾಲದ ಸೋಂಕಿದ್ದ ಹೆಗ್ಗಣಗಳಲ್ಲೂ ಕೆಲಸ ಮಾಡಿದವು. ಈ ಪ್ರಬಂಧ 2014ರಲ್ಲಿ ಬಂತು.

ಅದೇ ವರ್ಷ ಆಸ್ಟ್ರಾಜೆನೆಕಾ ಬೆಂಗಳೂರಿನ ಸಂಶೋಧನಾ ಕೇಂದ್ರವನ್ನು ಮುಚ್ಚುವ ನಿರ್ಧಾರ ಪ್ರಕಟಿಸಿತು. ದಶಕದ ಅನುಭವ ಗಳಿಸಿದ್ದ ರಸಾಯನಜ್ಞರು, ಜೀವಶಾಸ್ತ್ರಜ್ಞರು ಚದುರಿದರು, ಆದರೆ ಕೆಲಸ ಪೂರ್ತಿ ಚದುರಲಿಲ್ಲ. ಅಲ್ಲಿದ್ದ ಕೆಲವರು ಬಗ್‌ವರ್ಕ್ಸ್ ಎಂಬ ಕಂಪನಿ ಸ್ಥಾಪಿಸಿ, ಬ್ಯಾಕ್ಟೀರಿಯಾದ ಡಿಎನ್‌ಎ ಗೈರೇಸ್ ಮತ್ತು ಟೊಪೊಐಸೊಮರೇಸ್-4 ಎಂಬ ಎರಡು ಕಿಣ್ವಗಳನ್ನು ಒಟ್ಟಿಗೆ ತಡೆಯುವ ಬಿಡಬ್ಲ್ಯುಸಿ0977 ಅಣುವನ್ನು ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗೆ ಒಯ್ದರು. ಎರಡು ಗುರಿಗಳು ಒಟ್ಟಿಗಿದ್ದರೆ ರೋಗಾಣು ಒಂದೇ ಮಾರ್ಪಾಡಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಹೆಬ್ಬಾಳದಲ್ಲೇ ಹುಟ್ಟಿದ ಟ್ರೈಅಮೈನೊಪಿರಿಮಿಡಿನ್ ಎಂಬ ಮಲೇರಿಯಾ ಅಣುವನ್ನು ಜೈಡಸ್ ಕಂಪನಿ ಮುಂದುವರಿಸಿದೆ. ಅದರ ಗುರಿ ಪರಾವಲಂಬಿಯ ಪ್ರೋಟಾನ್ ಹೊರದೂಡುವ ಎಟಿಪಿಏಸ್ ಕಿಣ್ವ. ಎಲೆಕ್ಟ್ರಾನಿಕ್ಸ್ ಸಿಟಿಯ ಆರಿಜೀನ್ ಬೇರೆಯೇ ಮೂಲದ್ದು. ಅಲ್ಲಿ ರೂಪುಗೊಂಡ ಐಆರ್‌ಎಕೆ4 ಕೈನೇಸ್ ಪ್ರತಿಬಂಧಕ ಎಮಾವುಸರ್ಟಿಬ್‌ನ್ನು ಅಮೆರಿಕದ ಕ್ಯೂರಿಸ್ ಕಂಪನಿ ರಕ್ತದ ಕ್ಯಾನ್ಸರುಗಳಲ್ಲಿ ಪರೀಕ್ಷಿಸುತ್ತಿದೆ.

ಅಜಾಇಂಡೋಲ್‌ಗಳ ಕಥೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬಂತು. ಹೆಬ್ಬಾಳದ ಹಿರಿಯ ವಿಜ್ಞಾನಿಗಳಾಗಿದ್ದ ಶ್ರೀಧರ್ ನಾರಾಯಣನ್ ಮತ್ತು ರಾಧಾ ಶಾಂಡಿಲ್ ಕಟ್ಟಿದ, ಲಾಭದ ಉದ್ದೇಶವಿಲ್ಲದ ನಿರ್ಲಕ್ಷಿತ ರೋಗಗಳ ಸಂಶೋಧನಾ ಪ್ರತಿಷ್ಠಾನ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ನೆಲೆ ಕಂಡುಕೊಂಡಿತು. ಹೆಬ್ಬಾಳದ ಸರಣಿಯಿಂದ ಆಯ್ದ ಅಣು ಟಿಬಿಎ-7371 ಎಂಬ ಹೆಸರು ಪಡೆಯಿತು. ದೊಡ್ಡಬಳ್ಳಾಪುರದ ಪ್ರತಿಷ್ಠಾನ, ಟಿಬಿ ಅಲಯನ್ಸ್, ನಂತರ ಗೇಟ್ಸ್ ವೈದ್ಯಕೀಯ ಸಂಶೋಧನಾ ಸಂಸ್ಥೆ ಇದರ ಬೆನ್ನಿಗೆ ನಿಂತವು. ಅಮೆರಿಕದಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ಮೊದಲ ಹಂತದ ಪರೀಕ್ಷೆ ಮುಗಿದು, ದಕ್ಷಿಣ ಆಫ್ರಿಕಾದಲ್ಲಿ ಶ್ವಾಸಕೋಶದ ಕ್ಷಯವಿರುವ ರೋಗಿಗಳ ಮೇಲೆ ಎರಡನೇ ಹಂತದ ಆರಂಭಿಕ ಪರೀಕ್ಷೆ ನಡೆಯಿತು. ಅಲ್ಲಿ ಅಳೆಯುವುದು, ಎರಡು ವಾರ ಈ ಒಂದೇ ಔಷಧ ಕೊಟ್ಟಾಗ ಕಫದಲ್ಲಿನ ರೋಗಾಣುಗಳ ಸಂಖ್ಯೆ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು.

ಕ್ಷಯದಲ್ಲಿ ಒಂಟಿ ಔಷಧ ಕೊಟ್ಟು ಗುಣಪಡಿಸಲಾಗದು. ರೋಗಾಣು ಬೇಗ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ಆದ್ದರಿಂದ ಈ ಎರಡು ವಾರಗಳ ಪರೀಕ್ಷೆ ಒಂದು ಹೊಸ್ತಿಲು ಮಾತ್ರ. ಅದನ್ನು ದಾಟಿದ ಅಣು ಯಾವ ಔಷಧಗಳ ಜೊತೆ ಹೊಂದುತ್ತದೆ, ಒಂದನ್ನೊಂದು ಯಕೃತ್ತಿನಲ್ಲಿ ಹೇಗೆ ಬದಲಿಸುತ್ತವೆ ಎಂಬ ಪ್ರಶ್ನೆಗಳು ಆಮೇಲೆ ಬರುತ್ತವೆ. ಇದೇ ಕಿಣ್ವವನ್ನು ತಡೆಯುವ ಜಪಾನಿನ ಒಟ್ಸುಕಾ ಕಂಪನಿಯ ಕ್ವಾಬೊಡೆಪಿಸ್ಟಾಟ್ ಈ ಹಂತಕ್ಕೆ ಬಂದಿದೆ: ಬೆಡಾಕ್ವಿಲಿನ್ ಮತ್ತು ಡೆಲಾಮನಿಡ್ ಜೊತೆ ಸೇರಿಸಿ ಅದನ್ನು ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ, ಈಗಿರುವ ಆರು ತಿಂಗಳ ಚಿಕಿತ್ಸೆಯನ್ನು ನಾಲ್ಕು ತಿಂಗಳಿಗೆ ಇಳಿಸಬಹುದೇ ಎಂದು ನೋಡಲು.